ಕಾಣದವರಿಗೆ ಮುಖವಿತ್ತ ಚಿತ್ರಕಾರ

ಕಥೆಯಲ್ಲಿ ಮಾತ್ರ ಬದುಕಿರುವವರಿಗೆ ಮುಖವೆಂಬುದು ಎಲ್ಲಿಂದ ಬರುತ್ತದೆ? ಕವಿಯಾದವನು ಕಣ್ಣು ಕಮಲದಂತಿತ್ತೆಂದೋ ನಡೆ ಹಂಸದಂತಿತ್ತೆಂದೋ ಒಂದೆರಡು ಮಾತಿನಲ್ಲಿ ಸೂಚಿಸಿ ಮುಂದೆ ಸಾಗಿಬಿಡುತ್ತಾನೆ. ಉಳಿದುದನ್ನು ಓದುಗನ ಕಲ್ಪನೆಯೇ ತುಂಬಿಕೊಳ್ಳಬೇಕು. ಆದರೆ ಯಾವನೋ ಒಬ್ಬ ಚಿತ್ರಕಾರನು ನಡುವೆ ಬಂದು ಒಮ್ಮೆ ಮುಖವನ್ನು ಬರೆದುಬಿಟ್ಟರೆ, ಆ ಬಳಿಕ ನಮ್ಮ ಕಲ್ಪನೆಗೆ ಆ ಮುಖದಿಂದ ಬಿಡುಗಡೆಯಿಲ್ಲ. ನಮ್ಮ ಮನೆಗಳ ಗೋಡೆಯ ಮೇಲಿರುವ ಲಕ್ಷ್ಮೀ ಸರಸ್ವತಿಯರ ಮುಖಗಳು ಯಾವ ಪುರಾಣದಿಂದ ಬಂದುವು? ಬಹುಮಟ್ಟಿಗೆ ಅವು ರಾಜಾ ರವಿವರ್ಮನ ಕುಂಚದಿಂದಲೂ ಅವನ ಶಿಲಾಮುದ್ರಣಾಲಯದಿಂದಲೂ ಬಂದವು. ಇಂಗ್ಲಿಷ್ ಭಾಷೆಯಲ್ಲಿ ಇದೇ ಬಗೆಯ ಭಾಗ್ಯ ಒಂದು ಮಕ್ಕಳ ಕಥೆಗೆ ಒದಗಿತು. ಮೊಲದ ಬಿಲದೊಳಕ್ಕೆ ಬಿದ್ದ ಆಲಿಸ್ ಎಂಬ ಹುಡುಗಿಯನ್ನು ಲೋಕವೆಲ್ಲ ಬಲ್ಲದು. ಆ ಕಥೆಯನ್ನು ಹೇಳಿದ ಲೂಯಿ ಕ್ಯಾರಲ್‌ನನ್ನೂ ಬಲ್ಲದು. ಆ ಹುಡುಗಿಗೆ ಕಣ್ಣು, ಮೂಗು, ಹಣೆ, ಹೆರಳು, ಹುಬ್ಬುಗಂಟುಗಳನ್ನು ಕೊಟ್ಟ ಸರ್ ಜಾನ್ ಟೆನಿಯಲ್‌ನನ್ನು ನೆನೆಯುವವರು ಕಡಿಮೆ.

ಟೆನಿಯಲ್ ಹುಟ್ಟಿದ್ದು 1820ನೆಯ ಇಸವಿ ಫೆಬ್ರವರಿ 28ರಂದು, ಲಂಡನ್ ನಗರದಲ್ಲಿ. ಅವನ ಪೂರ್ವಿಕರು ಮತದ ಕಾರಣದಿಂದ ಫ್ರಾನ್ಸ್ ದೇಶವನ್ನು ತೊರೆದು ಬಂದ ಹ್ಯೂಗ್ನೊ ಪಂಗಡದವರು. ತಂದೆ ಕತ್ತಿವರಸೆ ಮತ್ತು ನೃತ್ಯಗಳನ್ನು ಕಲಿಸಿ ಜೀವನ ನಡೆಸುತ್ತಿದ್ದವನು; ಸಂಸಾರ ದೊಡ್ಡದು, ವರಮಾನ ಸಾಮಾನ್ಯ. ಹುಡುಗನಿಗೆ ಚಿಕ್ಕಂದಿನಿಂದಲೂ ಚಿತ್ರದ ಹುಚ್ಚು. ರಾಯಲ್ ಅಕಾಡೆಮಿಯ ಚಿತ್ರಶಾಲೆಯನ್ನು ಸೇರಿದನಾದರೂ ಅಲ್ಲಿಯ ಬೋಧನೆ ಮನಸ್ಸಿಗೆ ಹಿಡಿಸದೆ ಬೇಗನೆ ಬಿಟ್ಟುಬಂದನು. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಪ್ರಾಚೀನ ಶಿಲ್ಪಗಳೂ, ಹಳೆಯ ಕಾಲದ ಉಡುಗೆತೊಡುಗೆ ಮತ್ತು ಕವಚಗಳನ್ನು ಕುರಿತ ಗ್ರಂಥಗಳೂ ಅವನ ನಿಜವಾದ ಗುರುಗಳಾದುವು. ತನ್ನ ಹದಿನಾರನೆಯ ವಯಸ್ಸಿನಲ್ಲೇ ಅವನ ಚಿತ್ರವೊಂದು ಪ್ರದರ್ಶನದಲ್ಲಿ ತೂಗಿತು.

ಇಪ್ಪತ್ತನೆಯ ವಯಸ್ಸಿನಲ್ಲಿ ಅವನಿಗೊಂದು ವಿಪತ್ತು ಒದಗಿತು. ತಂದೆಯೊಡನೆ ಕತ್ತಿವರಸೆಯ ಅಭ್ಯಾಸದಲ್ಲಿ ತೊಡಗಿದ್ದಾಗ ತಂದೆಯ ಕತ್ತಿಯ ತುದಿಗೆ ಹಾಕಿದ್ದ ರಕ್ಷೆಯ ಗುಂಡಿ ಕಳಚಿಬಿದ್ದು, ಮೊನೆಯು ಮಗನ ಬಲಗಣ್ಣನ್ನು ತಾಕಿತು. ಆ ಕಣ್ಣಿನ ದೃಷ್ಟಿ ಬರಬರುತ್ತ ಪೂರ್ಣವಾಗಿ ನಂದಿಹೋಯಿತು. ತನ್ನ ಕೈಯಿಂದಲೇ ಮಗನ ಕಣ್ಣು ಹೋಯಿತೆಂಬುದು ತಂದೆಗೆ ತಿಳಿದರೆ ಆತನ ಮನಸ್ಸು ಎಷ್ಟು ನೊಂದೀತೆಂದು ಬಗೆದು, ಪೆಟ್ಟು ಎಷ್ಟು ಗಂಭೀರವಾದುದೆಂಬುದನ್ನು ಮಗನು ಆತನಿಗೆ ಎಂದೂ ತಿಳಿಸಲೇ ಇಲ್ಲ. ಚಿತ್ರಕಾರನೊಬ್ಬನು ಒಂದೇ ಕಣ್ಣಿನಿಂದ ಎಪ್ಪತ್ತು ವರ್ಷಗಳಿಗೂ ಮಿಕ್ಕಿ ಬಾಳಿದುದು ಒಂದು ಸಂಗತಿ. ಅದನ್ನು ಕುರಿತು ಗೊಣಗದೆ ಬಾಳಿದುದು ಇನ್ನೊಂದು. ಟೆನಿಯಲ್‌ನ ಸ್ವಭಾವವನ್ನು ಅರಿಯಬೇಕಾದವರಿಗೆ ಈ ಒಂದು ನಿದರ್ಶನ ಸಾಕು.

ಮತ್ತೊಂದು ವಿಶೇಷವೂ ಅವನಲ್ಲಿ ಇತ್ತು. ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ನೋಡಿ ಬರೆಯುವ ಪದ್ಧತಿ ಅವನದಲ್ಲ. ಒಮ್ಮೆ ಕಂಡ ವಸ್ತು, ವ್ಯಕ್ತಿ, ಪ್ರಾಣಿಗಳು ಅವನ ನೆನಪಿನಲ್ಲಿ ಅಚ್ಚೊತ್ತಿದಂತೆ ನಿಲ್ಲುತ್ತಿದ್ದುವು. ಬೇಕೆಂದಾಗ ಅಲ್ಲಿಂದ ತೆಗೆದು ಬರೆಯುತ್ತಿದ್ದನು. ಇದರಿಂದ ಅವನ ಚಿತ್ರಗಳಿಗೆ ಒಂದು ಗುಣವೂ ಒಂದು ದೋಷವೂ ಬಂದುವೆನ್ನಬಹುದು. ಬದುಕಿನ ಚಂಚಲತೆ, ಕ್ಷಣಿಕವಾದ ಭಾವಭಂಗಿ ಅವನಲ್ಲಿ ಕಡಿಮೆ. ಆದರೆ ನೆನಪಿನಲ್ಲಿ ಸೋಸಿ ಉಳಿದ ರೂಪವಾದುದರಿಂದ ಅನಾವಶ್ಯಕವಾದುದೆಲ್ಲ ಕಳೆದುಹೋಗಿ, ಒಂದೊಂದು ಗೆರೆಯೂ ನಿಶ್ಚಿತವಾಗಿ ಶಿಲ್ಪದಂತೆ ನಿಲ್ಲುತ್ತದೆ. ಲೋಕದಲ್ಲಿ ಎಲ್ಲಿಯೂ ಇಲ್ಲದ ಪ್ರಾಣಿಗಳನ್ನು ಬರೆಯಬೇಕಾಗಿ ಬಂದಾಗ ಈ ಅಭ್ಯಾಸವೇ ಅವನಿಗೆ ಬಂಡವಾಳವಾಯಿತು.

ಯೌವನದಲ್ಲಿ ಅವನ ಹಂಬಲವಿದ್ದುದು ದೊಡ್ಡ ಚಿತ್ರಗಳ ಕಡೆಗೆ. ಬೆಂಕಿಗೆ ಆಹುತಿಯಾಗಿದ್ದ ಪಾರ್ಲಿಮೆಂಟ್ ಭವನವನ್ನು ಮರಳಿ ಕಟ್ಟುತ್ತಿದ್ದ ಕಾಲ ಅದು. ಅದರ ಗೋಡೆಗಳನ್ನು ಭಿತ್ತಿಚಿತ್ರಗಳಿಂದ ಅಲಂಕರಿಸಲು 1845ರಲ್ಲಿ ನಡೆಸಿದ ಸ್ಪರ್ಧೆಗೆ ಟೆನಿಯಲ್ ನ್ಯಾಯದೇವತೆಯ ರೂಪಕಚಿತ್ರವನ್ನು ಸಲ್ಲಿಸಿ 200 ಪೌಂಡುಗಳ ಬಹುಮಾನವನ್ನು ಪಡೆದನು. ಅನಂತರ ಕವಿ ಡ್ರೈಡನ್ನನ ಕಾವ್ಯದಿಂದ ಸಂತ ಸಿಸಿಲಿಯಳ ವಿಷಯವನ್ನು ಆರಿಸಿಕೊಂಡು ಅಲ್ಲಿಯ ಗೋಡೆಯೊಂದರ ಮೇಲೆ ಬರೆದನು. ಆದರೆ ಅವನ ಹೆಸರನ್ನು ಜನರ ಬಾಯಿಗೆ ತಂದದ್ದು ಈ ಭವ್ಯವಾದ ಕೆಲಸವಲ್ಲ. 1848ರಲ್ಲಿ ಈಸೋಪನ ನೀತಿಕಥೆಗಳ ಒಂದು ಆವೃತ್ತಿಗೆ ಬರೆದ ನೂರಕ್ಕೂ ಹೆಚ್ಚು ಸಣ್ಣ ಚಿತ್ರಗಳು. ಮಾತನಾಡುವ ನರಿ, ಸಿಂಹ, ಕಾಗೆಗಳನ್ನು ಅವುಗಳ ಪ್ರಾಣಿತನ ಕೆಡದಂತೆಯೇ ಮನುಷ್ಯರ ಗಾಂಭೀರ್ಯದಿಂದ ನಿಲ್ಲಿಸಬಲ್ಲ ಕೈ ಇದು ಎಂಬುದನ್ನು ಬಲ್ಲವರು ಆಗಲೇ ಗುರುತಿಸಿದರು.

ಗುರುತಿಸಿದವರಲ್ಲಿ 'ಪಂಚ್' ಎಂಬ ಹಾಸ್ಯಪತ್ರಿಕೆಯವರು ಮುಖ್ಯರು. 1850ರಲ್ಲಿ ಆ ಪತ್ರಿಕೆಯು ಪೋಪ್ ಗುರುವನ್ನು ಹಳಿಯುತ್ತಿದ್ದುದನ್ನು ಸಹಿಸಲಾರದೆ, ಕ್ಯಾಥೊಲಿಕ್ ಮತದವನಾದ ರಿಚರ್ಡ್ ಡಾಯಲ್ ಎಂಬ ಚಿತ್ರಕಾರನು ಕೆಲಸಕ್ಕೆ ರಾಜೀನಾಮೆ ಕೊಟ್ಟನು. ಆ ಸ್ಥಾನಕ್ಕೆ ಟೆನಿಯಲ್‌ಗೆ ಕರೆ ಬಂದಿತು. ಭವ್ಯವಾದ ಇತಿಹಾಸಚಿತ್ರಗಳ ಕನಸು ಕಾಣುತ್ತಿದ್ದವನಿಗೆ ನಗೆಪತ್ರಿಕೆಯ ಕೆಲಸವೆಂದರೆ ಮೊದಲು ಸ್ವಲ್ಪ ಅಳುಕೇ ಆಯಿತು. ಒಪ್ಪಿಕೊಂಡ ಮೇಲಾದರೋ ಸುಮಾರು ಐವತ್ತು ವರ್ಷ ಅದನ್ನು ಬಿಡಲಿಲ್ಲ.

ಅಲ್ಲಿಯ ಕೆಲಸದ ಕ್ರಮವನ್ನು ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ. ಪ್ರತಿ ಬುಧವಾರ ಪತ್ರಿಕೆಯ ಬಳಗದವರೆಲ್ಲ ಒಟ್ಟಿಗೆ ಊಟಕ್ಕೆ ಸೇರುತ್ತಿದ್ದರು. ಮುಂದಿನ ವಾರದ ದೊಡ್ಡ ಚಿತ್ರದ ವಸ್ತುವೇನೆಂಬುದು ಆ ಊಟದ ಮೇಜಿನ ಸುತ್ತ, ಹತ್ತು ಜನರ ವಾದ ವಿವಾದಗಳ ನಡುವೆ, ನಿರ್ಧಾರವಾಗುತ್ತಿತ್ತು. ಟೆನಿಯಲ್ ಹೆಚ್ಚು ಮಾತನಾಡುತ್ತಿರಲಿಲ್ಲ. ನಿರ್ಧಾರವನ್ನು ಕೇಳಿಕೊಂಡು ಮನೆಗೆ ಹೋಗಿ, ಶುಕ್ರವಾರದ ಹೊತ್ತಿಗೆ ಚಿತ್ರವನ್ನು ಮರದ ಅಚ್ಚಿನ ಮೇಲೆ ಮೂಡಿಸಿ ಕೆತ್ತನೆಯವನ ಕೈಗೆ ಒಪ್ಪಿಸುತ್ತಿದ್ದನು. ತನಗೆ ಸ್ವಂತ ರಾಜಕೀಯವೇನಾದರೂ ಇದ್ದರೆ ಅದು ತನ್ನಲ್ಲೇ ಇರತಕ್ಕದ್ದು, ಕಾಗದದ ಮೇಲೆ ಪತ್ರಿಕೆಯ ರಾಜಕೀಯವೇ ತನ್ನದು ಎಂಬುದು ಅವನ ನಿಲುವು. ಈ ರೀತಿ ಎರಡು ಸಾವಿರಕ್ಕೂ ಹೆಚ್ಚು ರಾಜಕೀಯ ಚಿತ್ರಗಳನ್ನು ಅವನು ಬರೆದನು. ಅಂದರೆ ಅವನ ಬಾಳೆಲ್ಲ ಇತರರು ಹೇಳಿದುದಕ್ಕೆ ರೂಪ ಕೊಡುವ ಕೆಲಸದಲ್ಲೇ ಸಂದಿತು.

ಇದರ ಫಲ ಎಲ್ಲ ಕಾಲದಲ್ಲಿಯೂ ಒಳ್ಳೆಯದೇ ಆಗಿರಲಿಲ್ಲವೆಂಬುದನ್ನು ಭಾರತೀಯರಾದ ನಾವು ಮರೆಯಲಾಗದು. 1857ರ ದಂಗೆಯ ಸುದ್ದಿ ಇಂಗ್ಲೆಂಡನ್ನು ಮುಟ್ಟಿದಾಗ ಅಲ್ಲಿ ರೋಷವು ಉಕ್ಕಿತು. ಆ ರೋಷಕ್ಕೆ ಆಕೃತಿ ಕೊಟ್ಟುದು ಟೆನಿಯಲ್‌ನ ಲೇಖನಿಯೇ. ಆ ವರ್ಷದ ಆಗಸ್ಟ್ 22ರ ಸಂಚಿಕೆಯಲ್ಲಿ ಬ್ರಿಟಿಷ್ ಸಿಂಹವು ಬಂಗಾಳದ ಹುಲಿಯ ಮೇಲೆ ಎರಗುವ ಚಿತ್ರ ಬಂದಿತು; ಹುಲಿಯ ಪಂಜದ ಕೆಳಗೆ ತಾಯಿ ಮಗು. ಸೆಪ್ಟೆಂಬರ್ 12ರಂದು ನ್ಯಾಯದೇವತೆಯೇ ಕತ್ತಿ ಹಿಡಿದು ಸಿಪಾಯಿಗಳನ್ನು ತರಿಯುವ ಚಿತ್ರ ಬಂದಿತು. ಹಿನ್ನೆಲೆಯಲ್ಲಿ ನಡುಗುತ್ತಿರುವ ಭಾರತೀಯ ಹೆಂಗಸರೂ ಮಕ್ಕಳೂ ಇದ್ದಾರೆ. ಹನ್ನೆರಡು ವರ್ಷಗಳ ಹಿಂದೆ ಪಾರ್ಲಿಮೆಂಟಿನ ಗೋಡೆಗಾಗಿ ಯಾವ ದೇವತೆಯನ್ನು ಬರೆದು ಬಹುಮಾನ ಪಡೆದಿದ್ದನೋ ಆ ದೇವತೆಯ ಹೆಸರಿನಲ್ಲಿಯೇ ಅವನು ಈಗ ಸೇಡನ್ನು ಬರೆದನು. ಇಲ್ಲದುದಕ್ಕೆ ಮುಖ ಕೊಡುವ ಶಕ್ತಿ ಎಷ್ಟು ದೊಡ್ಡದೋ ಅದನ್ನು ಬರೆಯಹೇಳಿದವರ ಮನಸ್ಸನ್ನು ಅವಲಂಬಿಸಿ ಅದು ಅಷ್ಟೇ ಅಪಾಯಕರವೂ ಆಗಬಲ್ಲದು. ಚಿತ್ರಕಾರನ ಕೈ ಒಂದೇ. ಬುಧವಾರದ ಮೇಜಿನವರು ಒಂದನ್ನು ಬರೆಸಿದರು, ಆಕ್ಸ್‌ಫರ್ಡಿನ ಗಣಿತಜ್ಞನೊಬ್ಬನು ಬೇರೊಂದನ್ನು ಬರೆಸಿದನು.

ಆ ಗಣಿತಜ್ಞನ ಹೆಸರು ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್. ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಉಪನ್ಯಾಸಕ, ಮಿತಭಾಷಿ, ಎಲ್ಲ ವಿಷಯದಲ್ಲಿಯೂ ಲೆಕ್ಕಾಚಾರದ ಮನುಷ್ಯ. 1862ನೆಯ ಇಸವಿ ಜುಲೈ 4ರಂದು ಅವನೂ ಅವನ ಸ್ನೇಹಿತ ಡಕ್‌ವರ್ತನೂ ಕಾಲೇಜಿನ ಮುಖ್ಯಾಧಿಕಾರಿಯಾದ ಲಿಡೆಲ್‌ನ ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಥೇಮ್ಸ್ ನದಿಯಲ್ಲಿ ದೋಣಿ ನಡೆಸುತ್ತ ಹೋದಾಗ, ನಡುವಿನವಳಾದ ಆಲಿಸಳನ್ನೇ ನಾಯಿಕೆಯನ್ನಾಗಿ ಮಾಡಿ ಕಥೆಯೊಂದನ್ನು ಹೊಸೆದು ಹೇಳಿದನು. ಬರೆದುಕೊಡಬೇಕೆಂದು ಹುಡುಗಿ ಹಟ ಹಿಡಿದಳು. ಆತನು ಕಥೆಯನ್ನು ಮುದ್ದಾದ ಅಕ್ಷರಗಳಲ್ಲಿ ಬರೆದು, ತಾನೇ 37 ಚಿತ್ರಗಳನ್ನು ಹಾಕಿ, 1864ರ ನವೆಂಬರಿನಲ್ಲಿ ಅವಳಿಗೆ ಕಾಣಿಕೆಯಾಗಿ ಕೊಟ್ಟನು.

ಆ ಚಿತ್ರಗಳಲ್ಲಿ ಕುಶಲತೆ ಸಾಲದು. ಆದರೆ ಅವುಗಳಲ್ಲಿ ಒಂದು ಬಗೆಯ ಕಳವಳ, ಒಂದು ಕನಸಿನ ಇರುಕು ಉಂಟು. ಅವು ಕಥೆಗಾರನ ಮನಸ್ಸಿನಲ್ಲಿದ್ದ ಆಲಿಸಳ ಚಿತ್ರಗಳು. ಕಥೆಯನ್ನು ಅಚ್ಚು ಹಾಕಿಸುವ ಯೋಚನೆ ಬಂದಾಗ ತನ್ನ ಚಿತ್ರಗಳನ್ನೇ ಬಳಸಬೇಕೆಂದು ಡಾಡ್ಜ್‌ಸನ್ನನು ಹವಣಿಸಿ, ಮರದ ಅಚ್ಚಿನ ಮೇಲೆ ಬರೆಯುವುದನ್ನೂ ಅಭ್ಯಾಸ ಮಾಡಿ ನೋಡಿದನು. ಅದು ತನ್ನಿಂದ ಆಗದ ಕೆಲಸವೆಂಬುದು ಅವನಿಗೇ ಮನವರಿಕೆಯಾಯಿತು. ತಾನು ಮನಸ್ಸಿನಲ್ಲಿ ಸಾಕಿದ ಮಗುವಿಗೆ ಮುಖ ಕೊಡುವ ಅಧಿಕಾರವನ್ನು ಪರನೊಬ್ಬನ ಕೈಗೆ ಒಪ್ಪಿಸುವುದೆಂದರೆ ಲೇಖಕನಿಗೆ ಅದು ಸಣ್ಣ ತ್ಯಾಗವಲ್ಲ. ನಾಟಕಕಾರ ಟಾಮ್ ಟೇಲರ್‌ನ ಮೂಲಕ ಪರಿಚಯ ಪತ್ರವನ್ನು ಪಡೆದು, 1864ನೆಯ ಇಸವಿ ಜನವರಿ 25ರಂದು ಅವನು ಲಂಡನ್ನಿಗೆ ಬಂದು ಟೆನಿಯಲ್‌ನನ್ನು ಕಂಡನು. ಏಪ್ರಿಲ್ ತಿಂಗಳಲ್ಲಿ ಟೆನಿಯಲ್ ಒಪ್ಪಿಗೆಯಿತ್ತನು.

ಅಂದು ಟೆನಿಯಲ್‌ಗೆ ನಲವತ್ತನಾಲ್ಕು ವರ್ಷ. ಒಂಟಿ ಜೀವನ. ಮದುವೆಯಾದ ಕೆಲವೇ ವರ್ಷಗಳಲ್ಲಿ ಹೆಂಡತಿಯು ಕ್ಷಯರೋಗದಿಂದ ತೀರಿಕೊಂಡಿದ್ದಳು. ಅವನು ಮತ್ತೆ ಮದುವೆಯಾಗಲಿಲ್ಲ. ಮಕ್ಕಳಿರಲಿಲ್ಲ. ಡಾಡ್ಜ್‌ಸನ್ನನೂ ಆಜನ್ಮ ಬ್ರಹ್ಮಚಾರಿ. ಲೋಕದ ಮಕ್ಕಳಿಗೆಲ್ಲ ಒಡನಾಡಿಯಾದ ಆ ಹುಡುಗಿಯು ಮಕ್ಕಳಿಲ್ಲದ ಈ ಇಬ್ಬರ ಪತ್ರವ್ಯವಹಾರದಲ್ಲಿ ರೂಪುಗೊಂಡಳು.

ಒಪ್ಪಂದದ ರೀತಿಯೂ ಅಸಾಧಾರಣವಾದುದೇ. ಪುಸ್ತಕವನ್ನು ಹೊರತಂದವರು ಮ್ಯಾಕ್‌ಮಿಲನ್ ಸಂಸ್ಥೆಯವರಾದರೂ ಮುದ್ರಣದ ಖರ್ಚನ್ನೆಲ್ಲ ಹೊತ್ತವನು ಲೇಖಕನೇ. ಪ್ರಕಾಶಕರಿಗೆ ಸಲ್ಲುತ್ತಿದ್ದುದು ಮಾರಾಟದ ಮೇಲಿನ ದಳ್ಳಾಳಿ ಮಾತ್ರ. ಆದುದರಿಂದ ಚಿತ್ರಕಾರನಿಗೆ ಯಜಮಾನನೂ ಲೇಖಕನೇ. 42 ಚಿತ್ರಗಳಿಗಾಗಿ ಟೆನಿಯಲ್‌ಗೆ ಸಂದ ಹಣ 138 ಪೌಂಡು. ಕೆತ್ತನೆಗಾರರಾದ ಡ್ಯಾಲ್ಜಿಯಲ್ ಸಹೋದರರಿಗೆ ಬೇರೆಯಾಗಿ ಕೊಡಬೇಕು, ಮುದ್ರಣಾಲಯಕ್ಕೆ ಬೇರೆ, ರಟ್ಟು ಕಟ್ಟುವವರಿಗೆ ಬೇರೆ. ಕಾಲೇಜಿನ ಉಪನ್ಯಾಸಕನೊಬ್ಬನಿಗೆ ಇದು ಹಗುರವಾದ ಹೊರೆಯಲ್ಲ.

ಚಿತ್ರವೊಂದು ಪುಟಕ್ಕೆ ಬರುವ ದಾರಿಯೂ ಉದ್ದವಾದುದು. ಟೆನಿಯಲ್ ಮೊದಲು ಕಾಗದದ ಮೇಲೆ ಬರೆದು, ಬಳಿಕ ಅದನ್ನು ಗಟ್ಟಿಯಾದ ಬಾಕ್ಸ್ ಮರದ ನುಣುಪಾದ ತುಂಡಿನ ಮೇಲೆ ಎಡಬಲ ತಿರುವುಮುರುವಾಗಿ ಮೂಡಿಸುತ್ತಿದ್ದನು. ಕೆತ್ತನೆಗಾರನು ಗೆರೆಗಳನ್ನು ಉಳಿಸಿಕೊಂಡು ಬಿಳಿಯ ಭಾಗಗಳನ್ನೆಲ್ಲ ಉಳಿಯಿಂದ ತೋಡಿ ತೆಗೆಯಬೇಕು. ಕೂದಲೆಳೆಯಷ್ಟು ತೆಳುವಾದ ಗೆರೆ ಒಂದು ಮುರಿದರೂ ಮುಖದ ಭಾವ ಕೆಟ್ಟಿತು. ಹೀಗೆ ಸಿದ್ಧವಾದ ಮರದ ಅಚ್ಚು ಸವೆಯದಂತೆ, ಅದರಿಂದ ತಾಮ್ರದ ಪಡಿಯಚ್ಚನ್ನು ತೆಗೆದು ಪುಸ್ತಕವನ್ನು ಮುದ್ರಿಸುತ್ತಿದ್ದರು. ಈ ಒಂದೊಂದು ಹಂತದಲ್ಲಿಯೂ ಕರಡು ಪ್ರತಿಗಳು ಲೇಖಕನಿಗೂ ಚಿತ್ರಕಾರನಿಗೂ ಹೋಗಿ ಬರುತ್ತಿದ್ದುವು. ಡಾಡ್ಜ್‌ಸನ್ನನು ಯಾವ ಚಿತ್ರ ಯಾವ ಪುಟದ ಯಾವ ಮೂಲೆಯಲ್ಲಿ ಎಷ್ಟು ಅಂಗುಲ ಇರಬೇಕೆಂಬುದನ್ನೂ ಲೆಕ್ಕ ಹಾಕಿದವನು. ಟೆನಿಯಲ್‌ನಾದರೋ ತನ್ನ ಕೆಲಸದಲ್ಲಿ ಇನ್ನೊಬ್ಬನ ಬೆರಳಾಟವನ್ನು ಸುಲಭವಾಗಿ ಸಹಿಸುವವನಲ್ಲ. ಇಬ್ಬರ ನಡುವೆ ಘರ್ಷಣೆ ಆಗದಿದ್ದರೆ ಆಶ್ಚರ್ಯವಾಗುತ್ತಿತ್ತು.

ಈ ಘರ್ಷಣೆಯಿಂದ ಹುಟ್ಟಿದ ಮುಖಗಳನ್ನು ನೋಡಿ. ನಿಜವಾದ ಆಲಿಸ್ ಲಿಡೆಲ್ ಕಪ್ಪು ಕೂದಲನ್ನು ಮೋಟಾಗಿ ಕತ್ತರಿಸಿಕೊಂಡಿದ್ದ ಹುಡುಗಿ. ಟೆನಿಯಲ್‌ನ ಆಲಿಸಳಿಗೆ ಹಿಂದಕ್ಕೆ ಬಾಚಿ ಇಳಿಬಿಟ್ಟ ಉದ್ದನೆಯ ಹೊಂಬಣ್ಣದ ಕೂದಲು, ಅಗಲವಾದ ಹಣೆ, ಗಂಭೀರವಾದ ದೃಷ್ಟಿ. ಹೆಚ್ಚುಕಡಿಮೆ ಇದೇ ಹುಡುಗಿಯು 1864ರ ನಡುವಿನಲ್ಲೇ 'ಪಂಚ್' ಪತ್ರಿಕೆಯ ಸಂಪುಟದ ಮುಖಪುಟದಲ್ಲಿ, ಸಿಂಹಕ್ಕೆ ಹೂಮಾಲೆ ಹಾಕುವ ಭಂಗಿಯಲ್ಲಿ, ಕಾಣಿಸಿಕೊಂಡಿದ್ದಳು. ಅಂದರೆ ಆಲಿಸಳ ಮುಖವು ಆಕ್ಸ್‌ಫರ್ಡಿನ ತೋಟದಿಂದ ಬಂದುದಲ್ಲ, ಚಿತ್ರಕಾರನ ನೆನಪಿನ ಕಣಜದಿಂದ ಬಂದುದು. ಕಥೆಯಲ್ಲಿ ಅವಳ ರೂಪವನ್ನು ಲೇಖಕನು ಹೆಚ್ಚುಕಡಿಮೆ ವರ್ಣಿಸಿಯೇ ಇಲ್ಲ. ಗ್ರಿಫಿನ್ ಎಂದರೇನೆಂದು ತಿಳಿಯದವರು ಚಿತ್ರವನ್ನು ನೋಡಿಕೊಳ್ಳಲಿ ಎಂದು ಕಥೆಯ ನಡುವೆಯೇ ಹೇಳಿ, ಗಿಡುಗನ ತಲೆ ಸಿಂಹದ ಒಡಲಿನ ಆ ಪ್ರಾಣಿಯ ವರ್ಣನೆಯ ಭಾರವನ್ನು ಟೆನಿಯಲ್‌ನ ಹೆಗಲಿಗೇ ಹೊರಿಸಿಬಿಟ್ಟನು. ರಾಜನು ಟೋಪನ್ನಿನ ಮೇಲೆ ಕಿರೀಟವನ್ನು ಹೇಗೆ ಧರಿಸಿದ್ದನೆಂಬುದಕ್ಕೂ ಗ್ರಂಥಾರಂಭದ ಚಿತ್ರವನ್ನೇ ನೋಡಬೇಕೆಂದು ಸೂಚಿಸಿದನು.

ಚಿತ್ರಕಾರನು ಕೊಟ್ಟುದು ಇಷ್ಟೇ ಅಲ್ಲ. ಚಹಾಕೂಟದಲ್ಲಿ ಕುಳಿತ ಮರುಳ ಟೋಪಿಗಾರನ ದೊಡ್ಡ ಟೋಪಿಗೆ 10 ಷಿಲ್ಲಿಂಗ್ 6 ಪೆನ್ಸ್ ಎಂಬ ಬೆಲೆಚೀಟಿ ಸಿಕ್ಕಿಸಿರುವುದನ್ನು ಎಲ್ಲರೂ ಬಲ್ಲರು. ಆ ಚೀಟಿಯ ಮಾತು ಮೂಲಕಥೆಯಲ್ಲಿ ಎಲ್ಲಿಯೂ ಇಲ್ಲ. ಮಾರುವ ಟೋಪಿಯನ್ನೇ ತಲೆಗೇರಿಸಿಕೊಂಡು ತಿರುಗುವ ವ್ಯಾಪಾರಿಯ ಕಲ್ಪನೆ ಟೆನಿಯಲ್‌ನದು. ಬಿಳಿಯ ಮೊಲಕ್ಕೆ ಅವನು ತೊಡಿಸಿದ ಚೌಕುಳಿಯ ಅಂಗಿ, ಡಚೆಸ್ಸಳ ವಿಕಾರವಾದ ದೊಡ್ಡ ಮುಖ, ಕೊಂಬೆಯ ಮೇಲೆ ಹಲ್ಲು ಕಿರಿದು ಕುಳಿತ ಬೆಕ್ಕು, ಇವೆಲ್ಲವೂ ನಗೆಯ ಚಿತ್ರಗಳೇ. ಆದರೆ ಚಿತ್ರಕಾರನು ಎಲ್ಲಿಯೂ ತಾನು ನಗುವುದಿಲ್ಲ. ಪ್ರಧಾನಮಂತ್ರಿಗಳನ್ನೂ ಚಕ್ರವರ್ತಿಗಳನ್ನೂ ಬರೆಯುವಾಗಿನ ಅದೇ ಗಾಂಭೀರ್ಯದಿಂದ ಅವನು ಮೊಲವನ್ನೂ ಬರೆದನು. ಆದುದರಿಂದಲೇ ಮಕ್ಕಳು ಅವನ್ನು ನಂಬಿದರು. ಅಸಂಭವವಾದುದನ್ನು ಹಗುರವಾಗಿ ಬರೆದರೆ ಅದು ವಿನೋದವಷ್ಟೆ. ಶ್ರದ್ಧೆಯಿಂದ ಬರೆದರೆ ಅದೊಂದು ಲೋಕವಾಗುತ್ತದೆ.

1865ರ ಬೇಸಗೆಯಲ್ಲಿ ಪುಸ್ತಕ ಸಿದ್ಧವಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಲ್ಲಿ 2,000 ಪ್ರತಿಗಳು ಅಚ್ಚಾದುವು. ದೋಣಿಯ ವಿಹಾರ ನಡೆದು ಮೂರು ವರ್ಷ ತುಂಬಿದ ಜುಲೈ 4ಕ್ಕೆ ಸರಿಯಾಗಿ ಒಂದು ಪ್ರತಿ ಆಲಿಸ್ ಲಿಡೆಲ್‌ಗೆ ಸಂದಿತು. ಇನ್ನು ಕೆಲವು ಪ್ರತಿಗಳು ಸ್ನೇಹಿತರಿಗೂ ಹೋದುವು. ಜುಲೈ 19ರಂದು ಡಾಡ್ಜ್‌ಸನ್ನನಿಗೆ ಟೆನಿಯಲ್‌ನ ಅಸಮಾಧಾನದ ಸುದ್ದಿ ಮುಟ್ಟಿತು: ಚಿತ್ರಗಳ ಮುದ್ರಣ ತನಗೆ ಕಿಂಚಿತ್ತೂ ಒಪ್ಪಿಗೆಯಾಗಿಲ್ಲವೆಂದು ಚಿತ್ರಕಾರನು ತಿಳಿಸಿದ್ದನು. ಈಗ ಏನು ಮಾಡಬೇಕು? ಹಣವೆಲ್ಲ ಲೇಖಕನದು. ಕೂಲಿ ಪಡೆದ ಚಿತ್ರಕಾರನ ಆಕ್ಷೇಪಣೆಯನ್ನು ಕಡೆಗಣಿಸಿ ಪುಸ್ತಕವನ್ನು ಮಾರಾಟಕ್ಕೆ ಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಡಾಡ್ಜ್‌ಸನ್ನನು ಹಾಗೆ ಮಾಡಲಿಲ್ಲ. ಇಡೀ ಮುದ್ರಣವನ್ನು ನಿಲ್ಲಿಸಿದನು. ಕೊಟ್ಟಿದ್ದ ಪ್ರತಿಗಳನ್ನು ಹಿಂದಕ್ಕೆ ಕಳುಹಿಸಬೇಕೆಂದು ಸ್ನೇಹಿತರನ್ನು ಬೇಡಿದನು. ರಿಚರ್ಡ್ ಕ್ಲೇ ಎಂಬ ಬೇರೊಬ್ಬ ಮುದ್ರಕನಿಂದ ಪುಸ್ತಕವನ್ನು ಮೊದಲಿನಿಂದ ಅಚ್ಚು ಹಾಕಿಸಿದನು. ಆ ಹೊಸ ಮುದ್ರಣವು 1865ರ ನವೆಂಬರಿನಲ್ಲಿ, 1866ರ ಇಸವಿಯನ್ನು ಹೊತ್ತು, ಹೊರಬಂದಿತು. ತಿರಸ್ಕೃತವಾದ ಹಾಳೆಗಳನ್ನು ನ್ಯೂಯಾರ್ಕಿನ ಆಪಲ್ಟನ್ ಸಂಸ್ಥೆಗೆ ಮಾರಿ ನಷ್ಟವನ್ನು ಸ್ವಲ್ಪ ತುಂಬಿಕೊಂಡದ್ದಾಯಿತು. ಹಿಂದಕ್ಕೆ ಬಾರದೆ ಉಳಿದ ಎರಡು ಡಜನ್‌ನಷ್ಟು ಪ್ರತಿಗಳು ಇಂದು ಗ್ರಂಥಸಂಗ್ರಾಹಕರ ಪಾಲಿಗೆ ನಿಧಿಯಾಗಿವೆ. ಲೇಖಕನೊಬ್ಬನು ತಾನು ಗೊತ್ತುಮಾಡಿದ ಚಿತ್ರಕಾರನ ಮಾತಿಗೆ ಇಷ್ಟು ಬೆಲೆ ಕೊಟ್ಟ ಉದಾಹರಣೆ ಸಾಹಿತ್ಯಚರಿತ್ರೆಯಲ್ಲಿ ವಿರಳ. ಡಾಡ್ಜ್‌ಸನ್ನನು ಕಿರುಕುಳದ ಮನುಷ್ಯನೆಂದು ಆಡುವವರು ಈ ಸಂಗತಿಯನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು.

ಪುಸ್ತಕವು ಜನಪ್ರಿಯವಾಯಿತು, ಎರಡನೆಯ ಕಥೆಯ ಯೋಚನೆ ಹುಟ್ಟಿತು. ಆದರೆ ಟೆನಿಯಲ್ ಕೈಮುಗಿದುಬಿಟ್ಟನು. ಪತ್ರಿಕೆಯ ಕೆಲಸದ ನಡುವೆ ತನಗೆ ಬಿಡುವಿಲ್ಲವೆಂದನು. ಡಾಡ್ಜ್‌ಸನ್ನನು ರಿಚರ್ಡ್ ಡಾಯಲ್‌ನನ್ನೂ ನೋಯೆಲ್ ಪೇಟನ್ನನನ್ನೂ ವಿಚಾರಿಸಿದನು. ಟೆನಿಯಲ್ ಇರುವಾಗ ತಾನೇಕೆಂಬುದು ಪೇಟನ್ನನ ಭಾವನೆ. ಕೊನೆಗೆ 1868ರಲ್ಲಿ, ಬಿಡುವು ದೊರೆತಂತೆ ಬರೆದುಕೊಡುವುದಾಗಿ ಟೆನಿಯಲ್ ಒಪ್ಪಿದನು. ಕನ್ನಡಿಯ ಆಚೆಯ ಲೋಕದ ಆ ಪುಸ್ತಕಕ್ಕೆ 50 ಚಿತ್ರಗಳು ಸಿದ್ಧವಾಗಲು ಮೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1871ರ ಡಿಸೆಂಬರಿನಲ್ಲಿ ಅದು ಪ್ರಕಟವಾಯಿತು.

ಈ ಸಲ ಚಿತ್ರಕಾರನು ಕಥೆಯನ್ನೇ ತಿದ್ದುವ ಮಟ್ಟಿಗೆ ಬೆಳೆದಿದ್ದನು. ವಾಲ್ರಸ್ ಎಂಬ ಕಡಲಪ್ರಾಣಿಯ ಜೊತೆಗಾರ ಯಾರಾಗಬೇಕು, ಬಡಗಿಯೋ ಚಿಟ್ಟೆಯೋ ಬ್ಯಾರೊನೆಟ್ ಪದವಿಯ ಶ್ರೀಮಂತನೋ ಎಂಬ ಆಯ್ಕೆಯನ್ನು ಡಾಡ್ಜ್‌ಸನ್ನನು ಟೆನಿಯಲ್‌ಗೇ ಬಿಟ್ಟನು. ಇಂಗ್ಲಿಷಿನಲ್ಲಿ ಮೂರು ಪದಗಳೂ ಛಂದಸ್ಸಿಗೆ ಹೊಂದುತ್ತಿದ್ದುವು. ಟೆನಿಯಲ್ ಬಡಗಿಯನ್ನು ಆರಿಸಿಕೊಂಡನು. 1870ನೆಯ ಇಸವಿ ಜೂನ್ 1ರಂದು ಅವನು ಬರೆದ ಕಾಗದವು ಇನ್ನೂ ಮುಂದಕ್ಕೆ ಹೋಯಿತು. ರೈಲಿನ ಪ್ರಸಂಗದಲ್ಲಿ ಆಲಿಸಳು ಮುದುಕಿಯೊಬ್ಬಳ ಕೂದಲನ್ನು ಹಿಡಿದುಕೊಳ್ಳುವುದಕ್ಕೆ ಬದಲಾಗಿ ಹತ್ತಿರವಿರುವ ಮೇಕೆಯ ಗಡ್ಡವನ್ನು ಹಿಡಿಯಲೆಂದು ಸಲಹೆಯಿತ್ತನು. ಮುದುಕಿ ಕಥೆಯಿಂದಲೇ ಮಾಯವಾದಳು. ಟೋಪನ್ ಧರಿಸಿದ ಕಡಜದ ಹುಳುವಿನ ಭಾಗವು ಸ್ವಾರಸ್ಯವಾಗಿಲ್ಲ, ಅದಕ್ಕೆ ಚಿತ್ರ ಬರೆಯುವ ಬಗೆಯೂ ತನಗೆ ತೋರುತ್ತಿಲ್ಲ ಎಂದನು. ಲೇಖಕನು ಆ ಇಡೀ ಭಾಗವನ್ನು ಕಿತ್ತುಹಾಕಿದನು. ಕಳೆದುಹೋಗಿತ್ತೆಂದು ಎಲ್ಲರೂ ಭಾವಿಸಿದ್ದ ಆ ಭಾಗದ ಕರಡಚ್ಚುಗಳು ಒಂದು ಶತಮಾನದ ತರುವಾಯ, 1974ರಲ್ಲಿ, ಲಂಡನ್ನಿನ ಹರಾಜಿನಲ್ಲಿ ಬೆಳಕಿಗೆ ಬಂದು 1977ರಲ್ಲಿ ಪ್ರಕಟವಾದುವು.

ಲೇಖಕನ ಬೇಡಿಕೆಗಳೂ ಕಡಿಮೆಯಿರಲಿಲ್ಲ. ಬಳೆಕಟ್ಟಿ ಉಬ್ಬಿಸಿದ ಲಂಗವನ್ನು ಆಲಿಸಳಿಗೆ ಅಷ್ಟಾಗಿ ಹಾಕಬಾರದೆಂದನು. ಬಿಳಿಯ ರಾವುತನಿಗೆ ಗಡ್ಡಮೀಸೆ ಇರಬಾರದು, ಮುದುಕನಂತೆ ಕಾಣಬಾರದು ಎಂದನು. ಲಂಗದ ಮಾತು ನಡೆಯಿತು. ರಾವುತನ ಮಾತು ನಡೆಯಲಿಲ್ಲ. ಟೆನಿಯಲ್ ಬರೆದ ರಾವುತನು ತಲೆ ಬೋಳಾದ, ಉದ್ದ ಮೀಸೆಯ ಮುದುಕ. ಜ್ಯಾಬರ್‌ವಾಕ್ ಎಂಬ ಭಯಂಕರ ಪ್ರಾಣಿಯ ಚಿತ್ರವು ಗ್ರಂಥಾರಂಭದಲ್ಲಿದ್ದರೆ ಮಕ್ಕಳು ಹೆದರಿಯಾರೆಂದು ಶಂಕಿಸಿ ಡಾಡ್ಜ್‌ಸನ್ನನು ಸುಮಾರು ಮೂವತ್ತು ಮಂದಿ ತಾಯಂದಿರ ಅಭಿಪ್ರಾಯವನ್ನು ಕೇಳಿದನು. ಕೊನೆಗೆ ಆ ಸ್ಥಾನಕ್ಕೆ ಬಂದವನು ಈ ಮುದಿ ರಾವುತನೇ. ಇಬ್ಬರ ಕೂಡಾಟವೂ ಪರಿಪೂರ್ಣವಾದ ಸ್ಥಳವೆಂದರೆ ಕನ್ನಡಿಯ ಪ್ರಸಂಗ. ಹಾಳೆಯ ಒಂದು ಬದಿಯಲ್ಲಿ ಆಲಿಸಳು ಕನ್ನಡಿಯನ್ನು ಹೊಗುತ್ತಾಳೆ; ಮಗುಚಿದರೆ ಅದೇ ಹಾಳೆಯ ಬೆನ್ನಿನಲ್ಲಿ ಕನ್ನಡಿಯ ಆ ಕಡೆಗೆ ಹೊರಬರುತ್ತಾಳೆ. ಕಾಗದದ ಹಾಳೆಯೇ ಕನ್ನಡಿಯಾಯಿತು.

ಇದಾದ ಮೇಲೆ ಟೆನಿಯಲ್ ಪುಸ್ತಕಗಳಿಗೆ ಚಿತ್ರ ಬರೆಯುವುದನ್ನು ಬಹುಮಟ್ಟಿಗೆ ನಿಲ್ಲಿಸಿದನು. ಆ ಶಕ್ತಿಯೇ ತನ್ನಿಂದ ಹೊರಟುಹೋಯಿತೆಂದು ಡಾಡ್ಜ್‌ಸನ್ನನಿಗೆ ತಿಳಿಸಿದನು. ಎಳೆಯ ಮಕ್ಕಳಿಗಾಗಿ ಸಂಗ್ರಹಿಸಿದ ಆಲಿಸಳ ಕಥೆಗೆ ತನ್ನ ಹಳೆಯ ಚಿತ್ರಗಳಲ್ಲಿ 20ನ್ನು ದೊಡ್ಡದು ಮಾಡಿ ಬಣ್ಣ ಹಾಕಿಕೊಟ್ಟುದು ಮಾತ್ರ ಇದಕ್ಕೆ ಹೊರತು. 1889ರಲ್ಲಿ ಅಚ್ಚಾದ ಅದರ ಮೊದಲ ಪ್ರತಿಗಳನ್ನು ಬಣ್ಣ ಗಾಢವಾಯಿತೆಂದು ಈ ಸಲ ತಿರಸ್ಕರಿಸಿದವನು ಲೇಖಕ. ಇತ್ತ 'ಪಂಚ್' ಪತ್ರಿಕೆಯಲ್ಲಿ ಟೆನಿಯಲ್‌ನ ಕೀರ್ತಿ ಏರುತ್ತಲೇ ಇತ್ತು. 1890ರ ಮಾರ್ಚಿನಲ್ಲಿ, ಜರ್ಮನಿಯ ಯುವಕ ಚಕ್ರವರ್ತಿಯು ಮೇಲೆ ನಿಂತು ನೋಡುತ್ತಿರಲು ಮುದಿ ಬಿಸ್ಮಾರ್ಕನು ಹಡಗಿನ ಮೆಟ್ಟಿಲಿಳಿದು ಹೋಗುವ ಚಿತ್ರವನ್ನು ಬರೆದನು. ಅವನ ರಾಜಕೀಯ ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಅದೇ. 1893ರಲ್ಲಿ ಅವನಿಗೆ ಸರ್ ಪದವಿ ದೊರೆಯಿತು.

1898ರ ಜನವರಿಯಲ್ಲಿ ಡಾಡ್ಜ್‌ಸನ್ನನು ತೀರಿಕೊಂಡನು. ಟೆನಿಯಲ್ 1901ರ ಆರಂಭದಲ್ಲಿ ಪತ್ರಿಕೆಯ ಕೆಲಸದಿಂದ ನಿವೃತ್ತನಾದನು. ಆ ವರ್ಷದ ಜೂನ್ 12ರಂದು ಆರ್ಥರ್ ಬಾಲ್ಫರ್‌ನ ಅಧ್ಯಕ್ಷತೆಯಲ್ಲಿ ಅವನಿಗೆ ದೊಡ್ಡ ಔತಣವನ್ನು ಏರ್ಪಡಿಸಿದರು. ಅಷ್ಟು ವರ್ಷ ಅನ್ಯರ ಮಾತಿಗೆ ರೂಪ ಕೊಟ್ಟವನು ತನ್ನ ಮಾತನ್ನಾಡಲು ಎದ್ದುನಿಂತಾಗ ಗಂಟಲು ಕಟ್ಟಿ, ಭಾಷಣವನ್ನು ಮುಗಿಸಲಾರದೆ ಕುಳಿತುಬಿಟ್ಟನು. ಉಳಿದ ಒಂದು ಕಣ್ಣೂ ಮುಪ್ಪಿನಲ್ಲಿ ಮಂಜಾಗುತ್ತ ಬಂದಿತು. ಕೊನೆಯ ವರ್ಷಗಳನ್ನು ಅವನು ಹೆಚ್ಚುಕಡಿಮೆ ಕತ್ತಲೆಯಲ್ಲಿಯೇ ಕಳೆದನು. 1914ನೆಯ ಇಸವಿ ಫೆಬ್ರವರಿ 25ರಂದು, ತೊಂಬತ್ತನಾಲ್ಕು ತುಂಬಲು ಮೂರು ದಿನ ಉಳಿದಿರುವಾಗ, ಅವನ ಬಾಳು ಮುಗಿಯಿತು.

1907ರಲ್ಲಿ ಮೊದಲ ಪುಸ್ತಕದ ಹಕ್ಕುಗಳು ತೀರಿದೊಡನೆ ಆಲಿಸಳಿಗೆ ಹೊಸ ಮುಖ ಕೊಡಲು ಕಲಾವಿದರು ಮುಗಿಬಿದ್ದರು. ಆರ್ಥರ್ ರ‍್ಯಾಕಮ್‌ನಂಥ ಸಮರ್ಥನು ಅದೇ ವರ್ಷ ಬರೆದನು. ಮುಂದೆ ಮರ್ವಿನ್ ಪೀಕ್ ಬರೆದನು, ಸಾಲ್ವಡಾರ್ ಡಾಲಿಯೂ ಬರೆದನು. ಒಬ್ಬೊಬ್ಬನ ಆಲಿಸಳೂ ಅವನವನ ಆಲಿಸಳಾಗಿಯೇ ಉಳಿದಳು. ಕನ್ನಡದಲ್ಲಿ ನಾ. ಕಸ್ತೂರಿಯವರು ಅವಳನ್ನು ಪಾಪಚ್ಚಿಯನ್ನಾಗಿ ಮಾಡಿ ಪಾತಾಳಕ್ಕೆ ಇಳಿಸಿದಾಗ ಹೆಸರು, ಮಾತು, ನಗೆ ಎಲ್ಲವೂ ನಮ್ಮವಾದುವು. ಆದರೂ ಇಂಗ್ಲಿಷ್ ಮೂಲವನ್ನು ಶಾಲೆಯಲ್ಲಿ ಓದಿದ ನಮ್ಮವರ ಮನಸ್ಸಿನಲ್ಲಿ ನಿಂತಿರುವ ಹುಡುಗಿ ಟೆನಿಯಲ್‌ನವಳೇ. ಇದು ಅವನ ಜಯವೂ ಹೌದು, ಒಂದು ಬಗೆಯಲ್ಲಿ ಓದುಗನಿಗೆ ಆದ ನಷ್ಟವೂ ಹೌದು. ಡಾಡ್ಜ್‌ಸನ್ನನು ಕೈಯಾರೆ ಬರೆದ ಆ ಕಳವಳದ ಹುಡುಗಿಯನ್ನು ಈಗ ಹುಡುಕಿಕೊಂಡು ಹೋಗಿ ನೋಡಬೇಕಾಗಿದೆ.

ಸಿಂಹವು ಹುಲಿಯ ಮೇಲೆ ಎರಗಿದ ಚಿತ್ರವನ್ನೂ ಕತ್ತಿ ಹಿಡಿದ ನ್ಯಾಯದೇವತೆಯನ್ನೂ ಇಂದು ಇತಿಹಾಸದ ವಿದ್ಯಾರ್ಥಿಗಳು ಸಾಕ್ಷ್ಯಕ್ಕಾಗಿ ತೆರೆದು ನೋಡುತ್ತಾರೆ. ಎರಡು ಸಾವಿರ ವಾರಗಳ ಮಂತ್ರಿಗಳೂ ಸೇನಾಪತಿಗಳೂ ಹಳೆಯ ಸಂಪುಟಗಳಲ್ಲಿ ಧೂಳು ಹಿಡಿದಿದ್ದಾರೆ. ಅವರೆಲ್ಲ ನಿಜವಾಗಿ ಬದುಕಿದ್ದವರು. ಎಂದೂ ಬದುಕಿರದ ಒಂದು ಹುಡುಗಿ, ಒಂದು ಮೊಲ, ಒಬ್ಬ ಟೋಪಿಗಾರ, ಇವರನ್ನು ಮಾತ್ರ ಮಕ್ಕಳು ಇಂದಿಗೂ ಮುಖ ನೋಡಿದೊಡನೆ ಗುರುತಿಸುತ್ತಾರೆ. ಡ್ಯಾಲ್ಜಿಯಲ್ ಸಹೋದರರು ಕೆತ್ತಿದ ಮೂಲ ಅಚ್ಚುಗಳು ಏನಾದುವೆಂಬುದು ಬಹುಕಾಲ ಮರೆತುಹೋಗಿತ್ತು. 1985ರಲ್ಲಿ ಲಂಡನ್ನಿನ ಬ್ಯಾಂಕೊಂದರ ಭದ್ರಕೋಣೆಯಲ್ಲಿ ಅವು ದೊರೆತುವು. ಎರಡು ಪುಸ್ತಕಗಳ ಚಿತ್ರಗಳ ಮರದ ತುಂಡುಗಳೂ ಅಲ್ಲಿ ಇದ್ದುವು. ಪುಸ್ತಕಗಳ ಮುದ್ರಣವೆಲ್ಲ ತಾಮ್ರದ ಪಡಿಯಚ್ಚಿನಿಂದಲೇ ನಡೆದಿದ್ದುದರಿಂದ ಅವುಗಳ ಮೇಲಿನ ಗೆರೆಗಳು ಸವೆಯದೆ ಉಳಿದಿದ್ದುವು.